ನಾಣ್ಯದ ಜೊತೆಗಿರುವ ಹಳೆಯ ಲಕೋಟೆ, ಚೀಟಿಗಳನ್ನು ಏನು ಮಾಡಬೇಕು?

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಬೀರುವಿನ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಗುತ್ತದೆ. ಅದರೊಳಗೆ ಎರಡಂಗುಲದ ಕಂದು ಲಕೋಟೆಗಳು, ಒಂದೊಂದರಲ್ಲೂ ಒಂದೊಂದು ನಾಣ್ಯ, ಮೇಲೆ ಮಾಸಿದ ಶಾಯಿಯಲ್ಲಿ ಅರ್ಥವಾಗದ ಅಕ್ಷರಗಳು, ಅಂಕಿಗಳು. “ನಾಣ್ಯಗಳನ್ನು ಹೊಸ ಆಲ್ಬಮ್ಮಿಗೆ ಹಾಕುತ್ತಿದ್ದೇವೆ, ಈ ಹಳೆಯ ಕವರುಗಳನ್ನು ಎಸೆಯಬಹುದೇ?” ಎಂಬ ಪ್ರಶ್ನೆ ಬಸವನಗುಡಿಯಿಂದಲೂ ಮಲ್ಲೇಶ್ವರದಿಂದಲೂ ಒಂದೇ ಧಾಟಿಯಲ್ಲಿ ಬರುತ್ತಲೇ ಇದೆ. ಎಸೆಯಬಾರದು. ಎಸೆಯದೆ ಅವುಗಳನ್ನು ಏನು ಮಾಡಬೇಕೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ನಾಣ್ಯವೊಂದನ್ನು ಯಾವ ಅರಸ ಹೊರಡಿಸಿದ, ಅದರ ಲೋಹ ಯಾವುದು, ತೂಕವೆಷ್ಟು ಎಂಬುದನ್ನು ಬಲ್ಲವರು ನಾಣ್ಯವನ್ನು ನೋಡಿಯೇ ಇಂದೂ ಹೇಳುತ್ತಾರೆ. ಆದರೆ ಅದು ಯಾವ ಊರಿನಲ್ಲಿ ಸಿಕ್ಕಿತು, ಯಾವ ಗಂಟಿನಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ನಾಣ್ಯದ ಮೇಲೆ ಬರೆದಿರುವುದಿಲ್ಲ. ಕಾಗದದ ಮೇಲೆ ಮಾತ್ರ ಇರುತ್ತದೆ. ಸಂಗ್ರಾಹಕರು ಇದನ್ನು ಪ್ರಾವೆನೆನ್ಸ್ ಎನ್ನುತ್ತಾರೆ, ಅಂದರೆ ವಸ್ತುವಿನ ಮೂಲ ಮತ್ತು ಒಡೆತನದ ಸರಣಿ. 1891ರಲ್ಲಿ ಯಶವಂತಪುರದಲ್ಲಿ ರೈಲು ಮಾರ್ಗದ ಕೆಲಸ ನಡೆಯುತ್ತಿದ್ದಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟೊಂದು ದೊರೆಯಿತು. ಅಂಥ ರೋಮನ್ ಬೆಳ್ಳಿ ನಾಣ್ಯಗಳು ಜಗತ್ತಿನಲ್ಲಿ ಸಾವಿರಗಟ್ಟಲೆ ಇವೆ; ಇವು ಬೆಂಗಳೂರಿನ ಚರಿತ್ರೆಗೆ ಸೇರಿದ್ದು ‘ಯಶವಂತಪುರ’ ಎಂಬ ಒಂದು ಪದ ಅವುಗಳ ಜೊತೆ ಉಳಿದುದರಿಂದ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ದಪ್ಪ ನೋಟುಪುಸ್ತಕ, 2ಬಿ ಪೆನ್ಸಿಲ್, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಒಂದು ಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಫೋನಿನ ಕ್ಯಾಮೆರಾ ಅಥವಾ ಸ್ಕ್ಯಾನರ್, ಆಮ್ಲರಹಿತ ಕಾಗದ, ಪಾಲಿಯೆಸ್ಟರ್ ಹಾಳೆಯ ಚೀಲಗಳು. ಕೊನೆಯ ಎರಡನ್ನು ಕೊಳ್ಳುವಾಗ ಅಂಗಡಿಯವರು “ಇದೂ ಅದೇ ಸರ್” ಎಂದು ಕೊಡುವ ಮೆತ್ತನೆಯ ಪ್ಲಾಸ್ಟಿಕ್ಕನ್ನು ಒಪ್ಪಿಕೊಳ್ಳಬೇಡಿ. ಕಾರಣವನ್ನು ಆರನೆಯ ಹಂತದಲ್ಲಿ ಹೇಳಿದ್ದೇನೆ.

1. ಹೊರತೆಗೆಯುವ ಮುನ್ನ ಸಂಖ್ಯೆ ಕೊಡಿ

ಎಲ್ಲ ಲಕೋಟೆಗಳನ್ನೂ ಒಮ್ಮೆಲೇ ಮೇಜಿನ ಮೇಲೆ ಸುರಿಯುವುದೇ ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ಅನಾಹುತ. ಬಹಳ ಹಿಂದೆ ಹನ್ನೊಂದು ಲಕೋಟೆಗಳನ್ನು ಹೀಗೆಯೇ ಬರಿದು ಮಾಡಿ, ಮೂರು ನಾಣ್ಯಗಳು ಯಾವ ಲಕೋಟೆಯವೆಂದು ತಿಳಿಯದೆ ಕುಳಿತ ಅನುಭವ ನನಗಿದೆ. ಡಬ್ಬಿಯಲ್ಲಿ ಅವು ಯಾವ ಕ್ರಮದಲ್ಲಿದ್ದವೋ ಆ ಕ್ರಮದ ಚಿತ್ರ ತೆಗೆದುಕೊಂಡು, ಅದೇ ಕ್ರಮದಲ್ಲಿ 1, 2, 3 ಎಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಹಳೆಯ ಲಕೋಟೆಯ ಮೇಲೆ ಬರೆಯದೆ ಬೇರೆ ಚೀಟಿಯ ಮೇಲೆ ಬರೆದು ಲಕೋಟೆಯ ಜೊತೆ ಇಡಿ. ಒಂದರ ಕೆಲಸ ಪೂರ್ತಿ ಮುಗಿದು ನಾಣ್ಯ ತನ್ನ ಜಾಗಕ್ಕೆ ಹಿಂದಿರುಗಿದ ಮೇಲೆಯೇ ಇನ್ನೊಂದನ್ನು ತೆರೆಯಿರಿ.

ಒಂದೇ ಲಕೋಟೆಯೊಳಗೆ ಎರಡು ಮೂರು ಚೀಟಿಗಳಿದ್ದರೆ ಯಾವುದು ಹೊರಗಿತ್ತು, ಯಾವುದು ಒಳಗಿತ್ತು ಎಂಬುದನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಒಳಗಿನದು ಹಿಂದಿನ ಒಡೆಯನದು. ದುಂಡಗೆ ಕತ್ತರಿಸಿದ ಸಣ್ಣ ಚೀಟಿ ಸಿಕ್ಕರೆ ಇನ್ನಷ್ಟು ಜೋಪಾನ ಮಾಡಿ. ಮರದ ತಟ್ಟೆಯ ಗುಳಿಗಳಲ್ಲಿ ನಾಣ್ಯ ಜೋಡಿಸುತ್ತಿದ್ದ ಯುರೋಪಿನ ಹಳೆಯ ಸಂಗ್ರಾಹಕರು ನಾಣ್ಯದ ಅಡಿಯಲ್ಲಿ ಇಡುತ್ತಿದ್ದ ಚೀಟಿಗಳು ಆ ಆಕಾರದಲ್ಲಿರುತ್ತಿದ್ದವು.

ನಮ್ಮ ಮನೆಗಳಿಗೇ ವಿಶೇಷವಾದ ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ವರಮಹಾಲಕ್ಷ್ಮಿ ಹಬ್ಬಕ್ಕೋ ದೀಪಾವಳಿಗೋ ಹಳೆಯ ನಾಣ್ಯಗಳನ್ನೆಲ್ಲ ಹೊರತೆಗೆದು, ಹುಣಸೆಹಣ್ಣು ಹಾಕಿ ತೊಳೆದು, ಅರಿಸಿನ ಕುಂಕುಮವಿಟ್ಟು ಪೂಜಿಸಿ, ಮರುದಿನ ಕೈಗೆ ಸಿಕ್ಕ ಲಕೋಟೆಗೆ ಕೈಗೆ ಸಿಕ್ಕ ನಾಣ್ಯ ತುರುಕುವ ರೂಢಿ ಹಲವು ಮನೆಗಳಲ್ಲಿದೆ. ನಿಮ್ಮ ಮನೆಯಲ್ಲಿ ಹೀಗಾಗಿರಬಹುದೇ ಎಂದು ಹಿರಿಯರನ್ನು ಕೇಳಿಕೊಂಡೇ ಮುಂದುವರಿಯಿರಿ. ಪೂಜೆಗೆ ಒಂದೆರಡು ನಾಣ್ಯಗಳನ್ನು ಬೇರೆಯಾಗಿಯೇ ತೆಗೆದಿಟ್ಟರೆ ಉಳಿದವು ಪಾರಾಗುತ್ತವೆ.

2. ಚಿತ್ರ ತೆಗೆಯಿರಿ

ಲಕೋಟೆಯ ಎರಡೂ ಬದಿ, ಮಡಿಕೆಯ ಒಳಭಾಗ, ಚೀಟಿಯ ಎರಡೂ ಬದಿ, ನಾಣ್ಯದ ಮುಂಬದಿ ಹಿಂಬದಿಗಳನ್ನು ಅಳತೆಪಟ್ಟಿಯ ಜೊತೆ ಇಟ್ಟು ಚಿತ್ರ ತೆಗೆಯಿರಿ. ಲಕೋಟೆ ಮತ್ತು ನಾಣ್ಯ ಒಟ್ಟಿಗಿರುವ ಚಿತ್ರ ಒಂದಾದರೂ ಇರಲೇಬೇಕು. ಎರಡೂ ಒಂದೇ ಕಡೆ ಇದ್ದವೆಂಬುದಕ್ಕೆ ಮುಂದೆ ಅದೇ ಸಾಕ್ಷಿ. ಸ್ಕ್ಯಾನರ್ ಇದ್ದರೆ ಕಾಗದಗಳಿಗೆ 600 ಡಿಪಿಐ ಸಾಕು. ಪೆನ್ಸಿಲ್ ಬರಹ ಅಳಿಸಿಹೋಗಿದ್ದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾಗದದ ಮಟ್ಟಕ್ಕೆ ಓರೆಯಾಗಿ ಹಿಡಿಯಿರಿ. ಪೆನ್ಸಿಲ್ ಒತ್ತಿದ ಗೀರುಗಳ ನೆರಳು ಕಾಣಿಸಿಕೊಳ್ಳುತ್ತದೆ.

3. ಇದ್ದದ್ದನ್ನು ಇದ್ದಂತೆ ನಕಲು ಮಾಡಿ

ಲಕೋಟೆಯಲ್ಲಿರುವುದನ್ನು ಅಕ್ಷರಕ್ಕೆ ಅಕ್ಷರ, ತಪ್ಪಿದ್ದರೆ ತಪ್ಪನ್ನೂ ಸೇರಿಸಿ ನೋಟುಪುಸ್ತಕಕ್ಕೆ ಇಳಿಸಿ. ನಿಮ್ಮ ವಿವರಣೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ‘ಚೋಳ’ ಎಂದು ಬರೆದು ಹೊಡೆದುಹಾಕಿ ಮೇಲೆ ‘ಪಾಂಡ್ಯ’ ಎಂದಿದ್ದರೆ ಎರಡನ್ನೂ ಬರೆದುಕೊಳ್ಳಿ. ಯಾವುದು ಸರಿ ಎಂಬ ತೀರ್ಮಾನ ಈಗ ಬೇಡ.

ಹಳೆಯ ಬರಹಗಳಲ್ಲಿ ಪದೇ ಪದೇ ಬರುವ ಸಂಕೇತಗಳು ಕೆಲವೇ. ಲೋಹವನ್ನು ಲ್ಯಾಟಿನ್ ಹೆಸರುಗಳ ಹ್ರಸ್ವರೂಪದಲ್ಲಿ ಬರೆಯುವ ವಾಡಿಕೆಯಿತ್ತು: ಎವಿ ಎಂದರೆ ಚಿನ್ನ, ಎಆರ್ ಎಂದರೆ ಬೆಳ್ಳಿ, ಎಇ ಎಂದರೆ ತಾಮ್ರ ಅಥವಾ ಕಂಚು, ಪಿಬಿ ಎಂದರೆ ಸೀಸ. ‘ಆಬ್ವ್’ ಮುಂಬದಿ, ‘ರೆವ್’ ಹಿಂಬದಿ. ‘ಎಕ್ಸ್’ ಎಂಬುದರ ಮುಂದೆ ಹೆಸರೋ ಇನಿಷಿಯಲ್ಲೋ ಇದ್ದರೆ ಆ ನಾಣ್ಯ ಅವರ ಸಂಗ್ರಹದಿಂದ ಬಂದದ್ದೆಂದು ಅರ್ಥ. ‘ಜಿಆರ್’ ಎಂಬುದು ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ: ಹಳೆಯ ಲಕೋಟೆಗಳಲ್ಲಿ ಅದು ಬಹುಮಟ್ಟಿಗೆ ಗ್ರೇನ್, ಗ್ರಾಂ ಅಲ್ಲ. ಒಂದು ಗ್ರೇನ್ 0.0648 ಗ್ರಾಂಗೆ ಸಮ. ಒಂದು ತೊಲ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ.

ಲಕೋಟೆಯ ಮೂಲೆಯಲ್ಲಿ ಅರ್ಥವಿಲ್ಲದಂತೆ ಕಾಣುವ ಎರಡು ಮೂರು ಅಕ್ಷರಗಳಿದ್ದರೆ ಅವು ವ್ಯಾಪಾರಿಯ ಗುಪ್ತಬೆಲೆ ಇರಬಹುದು. ಹತ್ತು ಬೇರೆ ಬೇರೆ ಅಕ್ಷರಗಳ ಒಂದು ಪದವನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯಂತೆ ಕೊಂಡ ಬೆಲೆಯನ್ನು ಬರೆದಿಡುವ ಪದ್ಧತಿ ಅದು. ಬಿಡಿಸಲು ಬಾರದಿದ್ದರೂ ನಕಲು ಮಾಡಿ. ಅದೇ ಬಗೆಯ ಅಕ್ಷರಗಳು ಬೇರೆ ಲಕೋಟೆಗಳಲ್ಲೂ ಇದ್ದರೆ ಅವೆಲ್ಲ ಒಂದೇ ಅಂಗಡಿಯಿಂದ ಬಂದವೆಂದು ಊಹಿಸಲು ಎಡೆಯಾಗುತ್ತದೆ.

ಎರಡು ಬಗೆಯ ತಪ್ಪು ಓದಿನ ಬಗ್ಗೆ ಹೇಳಲೇಬೇಕು. ‘ಇಕ್ಕೇರಿ ವರಹ’ ಎಂದಿದ್ದರೆ ನಾಣ್ಯ ಇಕ್ಕೇರಿಯಲ್ಲಿ ಸಿಕ್ಕಿತೆಂದು ಬರೆದುಕೊಳ್ಳುವವರಿದ್ದಾರೆ. ಅದು ಸಿಕ್ಕಿದ ಊರಿನ ಹೆಸರಲ್ಲ, ಮಾದರಿಯ ಹೆಸರು. ಆ ಮಾದರಿಯ ಶಿವಪಾರ್ವತಿಯರ ಚಿತ್ರವನ್ನು ಹೈದರಾಲಿಯೂ ತನ್ನ ವರಹದ ಮೇಲೆ ಉಳಿಸಿಕೊಂಡ. ಎರಡನೆಯದು ಟಿಪ್ಪುವಿನ ನಾಣ್ಯಗಳ ವರ್ಷ. ಅವನು ಆಳ್ವಿಕೆಯ ನಡುವೆ ಹಿಜರಿ ಲೆಕ್ಕವನ್ನು ಬಿಟ್ಟು ಮೌಲೂದಿ ಎಂಬ ತನ್ನದೇ ಲೆಕ್ಕವನ್ನು ತಂದನಲ್ಲದೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಲಕೋಟೆ ಬರೆದವರು ಅದನ್ನು ಎಡದಿಂದ ಓದಿರಬಹುದು, ಬಲದಿಂದಲೂ ಓದಿರಬಹುದು. ಆದ್ದರಿಂದ ಆ ಸಂಖ್ಯೆಯನ್ನು ಕ್ರಿಸ್ತಶಕಕ್ಕೆ ತಿರುಗಿಸುವ ಮೊದಲು ನಾಣ್ಯವನ್ನೇ ನೋಡಿ.

4. ಲಕೋಟೆಯ ವಯಸ್ಸನ್ನು ಅಂದಾಜು ಮಾಡಿ

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ರುಚಿಯ ಕೆಲಸ. ಬರೆದವರು ತಾರೀಖು ಹಾಕದಿದ್ದರೂ ಲಕೋಟೆಯೇ ತನ್ನ ಕಾಲವನ್ನು ಹಲವು ರೀತಿಯಲ್ಲಿ ಬಿಟ್ಟುಕೊಡುತ್ತದೆ.

ಮೊದಲು ಬೆಲೆಯನ್ನು ನೋಡಿ. ‘3–8–0’ ಎಂದಿದ್ದರೆ ಮೂರು ರೂಪಾಯಿ ಎಂಟಾಣೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬರುವುದಕ್ಕೆ ಮುಂಚಿನದು, ಹೆಚ್ಚೆಂದರೆ ರೂಢಿ ಬಿಡಲಾಗದೆ ಅದರ ಆಸುಪಾಸಿನ ವರ್ಷಗಳಲ್ಲಿ ಬರೆದದ್ದು. ‘ನ.ಪೈ.’ ಎಂದಿದ್ದರೆ ನಯಾ ಪೈಸೆ; 1964ರ ಜೂನ್ 1ರಂದು ಆ ‘ನಯಾ’ ಬಿದ್ದುಹೋಯಿತು. ರೂಪಾಯಿಯ ಈಗಿನ ಚಿಹ್ನೆ 2010ರ ಜುಲೈಗಿಂತ ಮೊದಲು ಇರಲಿಲ್ಲ.

ಆಮೇಲೆ ವಿಳಾಸ. ಮುದ್ರಿತ ಲಕೋಟೆಯಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರ್ 1ಕ್ಕಿಂತ ಮೊದಲು ಅಚ್ಚಾದದ್ದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಬೆಂಗಳೂರು–4’ ಎಂದು ಮಾತ್ರ ಇದ್ದರೆ ಹಿಗ್ಗಬೇಡಿ. ಬಸವನಗುಡಿಯವರು ಪಿನ್‌ಕೋಡ್ ಬಂದ ಮೇಲೂ ಬಹಳ ಕಾಲ ಹಾಗೆಯೇ ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಊರಿನ ಹೆಸರು ಬ್ಯಾಂಗಲೋರ್ ಎಂದಿರುವುದರಿಂದಲೂ ಏನೂ ಸಾಬೀತಾಗದು, ಏಕೆಂದರೆ ಅಧಿಕೃತವಾಗಿ ಅದು ಬದಲಾದದ್ದು 2014ರ ನವೆಂಬರ್ 1ರಂದು.

ಅಂಗಡಿಯ ಲಕೋಟೆ ಕೊಳ್ಳದ ಕೈಬಿಗಿಯ ಸಂಗ್ರಾಹಕರು ಮದುವೆಯ ಆಹ್ವಾನಪತ್ರಿಕೆ, ಕ್ಯಾಲೆಂಡರಿನ ಹಾಳೆ, ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಕತ್ತರಿಸಿ ಅಂಟಿಸಿ ಪೊಟ್ಟಣ ಮಾಡುತ್ತಿದ್ದರು. ಅಂಥದ್ದು ಸಿಕ್ಕರೆ ಬಿಚ್ಚದೆ ಬೆಳಕಿಗೆ ಹಿಡಿದು ಒಳಬದಿಯನ್ನು ಓದಿ. ಲಗ್ನದ ತಾರೀಖೋ ಸಂವತ್ಸರದ ಹೆಸರೋ ಕಂಡರೆ ಪೊಟ್ಟಣ ಅದಕ್ಕಿಂತ ಹಿಂದಿನದಲ್ಲವೆಂಬುದು ನಿಶ್ಚಯ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನನ್ನ ಮೇಜಿನ ಮೇಲಿರುವ ಲಕೋಟೆಯೊಂದರ ಮುಂಭಾಗದಲ್ಲಿ ಕಪ್ಪುನೀಲಿ ಶಾಯಿಯಲ್ಲಿ ಎಆರ್, ಪಿಎಂಸಿ, 52½ ಜಿಆರ್, 3–8–0 ಎಂದಿದೆ. ಹಿಂಭಾಗದಲ್ಲಿ ಬೇರೆ ಕೈಬರಹದ ಪೆನ್ಸಿಲಿನಲ್ಲಿ ಜಿಎಚ್ ಎಂದು ಬರೆದು ಒಂದು ಸಂಖ್ಯೆ ಹಾಕಿದೆ. ಪಿಎಂಸಿ ಎಂದರೆ ಪಂಚ್‌ಮಾರ್ಕ್ ನಾಣ್ಯ: ಒಂದೊಂದು ಗುರುತನ್ನೂ ಬೇರೆ ಬೇರೆ ಮೊಳೆಯಿಂದ ಒತ್ತಿದ ಪ್ರಾಚೀನ ಬೆಳ್ಳಿಯ ತುಂಡು. ಜಿಎಚ್ ಎಂಬುದು ಪರಮೇಶ್ವರಿ ಲಾಲ್ ಗುಪ್ತ ಮತ್ತು ಟೆರಿ ಹಾರ್ಡೇಕರ್ 1985ರಲ್ಲಿ ಪ್ರಕಟಿಸಿದ ಪಟ್ಟಿಯ ಸಂಕೇತ. ಹೀಗಾಗಿ ಮುಂಭಾಗದ ಶಾಯಿ ಆಣೆಯ ಕಾಲದ್ದು, ಹಿಂಭಾಗದ ಪೆನ್ಸಿಲ್ 1985ರ ಈಚಿನದು. ಒಂದೇ ಲಕೋಟೆಯಲ್ಲಿ ಇಬ್ಬರು ಒಡೆಯರು, ನಡುವೆ ಹತ್ತಿರ ಹತ್ತಿರ ಮೂವತ್ತು ವರ್ಷ.

ಇಂಥ ಸುಳಿವುಗಳೆಲ್ಲ ಕಾಗದದ ವಯಸ್ಸನ್ನು ಹೇಳುತ್ತವೆಯೇ ಹೊರತು ಅದರ ಮೇಲಿನ ಮಾತು ನಿಜವೆಂದು ಹೇಳುವುದಿಲ್ಲ. ಹಳೆಯ ಲಕೋಟೆಯ ಕಟ್ಟನ್ನು ಇಪ್ಪತ್ತು ವರ್ಷ ಬಳಸಿದವರೂ ಇರುತ್ತಾರೆ.

5. ನಾಣ್ಯಕ್ಕೂ ಲಕೋಟೆಗೂ ತಾಳೆ ನೋಡಿ

ಮೊದಲು ತೂಕ. ಮೇಲಿನ ಉದಾಹರಣೆಯ 52½ ಗ್ರೇನ್ ಎಂದರೆ 3.40 ಗ್ರಾಂ. ತಕ್ಕಡಿಯೂ ಸುಮಾರು ಅಷ್ಟೇ ತೋರಿಸಿದರೆ ಲಕೋಟೆಯಲ್ಲಿರುವುದು ಅದೇ ನಾಣ್ಯವೆಂಬ ನಂಬಿಕೆ ಬಲಗೊಳ್ಳುತ್ತದೆ; 2.9 ಎಂದು ತೋರಿಸಿದರೆ ನಾಣ್ಯ ಅದಲುಬದಲಾಗಿರಬೇಕು, ಇಲ್ಲವೇ ಬರೆದವರು ತೂಕದಲ್ಲಿ ತಪ್ಪಿರಬೇಕು. ತಕ್ಕಡಿ ಇಲ್ಲದವರು ಚಿನಿವಾರರ ಅಂಗಡಿಗೆ ಹೋಗಬಹುದು, ಆದರೆ ತೂಗಿಸಲು ಮಾತ್ರ. ಅಭ್ಯಾಸಬಲದಿಂದ ಅವರು ನಾಣ್ಯವನ್ನು ಒರೆಗಲ್ಲಿಗೆ ತಿಕ್ಕಿಬಿಟ್ಟರೆ ಆ ಗೀರು ಶಾಶ್ವತ.

ಎರಡನೆಯದು ಕಾಗದದ ಮೇಲಿನ ಅಚ್ಚು. ದಶಕಗಳ ಕಾಲ ಒಂದೇ ಕಡೆ ಕುಳಿತ ನಾಣ್ಯ ಲಕೋಟೆಯ ಒಳಮೈಯಲ್ಲಿ ದುಂಡನೆಯ ತಗ್ಗನ್ನೂ, ಎಷ್ಟೋ ಸಲ ಕಂದು ಅಥವಾ ಹಸಿರು ಕಲೆಯನ್ನೂ ಬಿಟ್ಟಿರುತ್ತದೆ. ಅದರ ಅಡ್ಡಳತೆಯನ್ನು ನಾಣ್ಯದ ಅಡ್ಡಳತೆಗೆ ಹೋಲಿಸಿ. ಲಕೋಟೆಯಲ್ಲಿ 18 ಮಿಲಿಮೀಟರಿನ ದುಂಡು ಕಲೆಯಿದ್ದು, ಒಳಗೆ ಚೌಕಾಕಾರದ ನಾಣ್ಯವಿದ್ದರೆ ಯಾರೋ ಬದಲಾಯಿಸಿದ್ದಾರೆಂದೇ ಅರ್ಥ. ಹೊಸದಾಗಿ ಕೊಳ್ಳುವವರಿಗಂತೂ ಈ ಪರೀಕ್ಷೆ ಬಹಳ ಉಪಯುಕ್ತ: ಅಸಲಿ ಹಳೆಯ ಲಕೋಟೆಗೆ ಇತ್ತೀಚೆಗೆ ಎರಕ ಹೊಯ್ದ ನಕಲಿ ನಾಣ್ಯ ಹಾಕಿ ಮಾರುವ ಮೋಸ ಹೊಸದಲ್ಲ. ಅದಕ್ಕಾಗಿಯೇ ಖಾಲಿ ಲಕೋಟೆಗಳನ್ನು ಯಾರು ಕೇಳಿದರೂ ಕೊಡಬೇಡಿ. ‘ನಾಣ್ಯ ಇಲ್ಲ’ ಎಂಬ ಚೀಟಿಯೊಡನೆ ಬೇರೆ ಇಟ್ಟುಕೊಳ್ಳಿ, ಆ ನಾಣ್ಯ ಮನೆಯ ಇನ್ನೊಂದು ಡಬ್ಬಿಯಲ್ಲಿ ಸಿಗಲೂಬಹುದು.

ತಾಳೆಯಾಗದಿದ್ದರೆ ಸರಿಪಡಿಸಲು ಹೋಗಬೇಡಿ. ‘ತಾಳೆಯಿಲ್ಲ’ ಎಂದು ಬರೆದು ಸಿಕ್ಕ ಜೋಡಿಯನ್ನೇ ಒಟ್ಟಿಗಿಡಿ. ನಾಣ್ಯದ ಮೇಲೆಯೇ ಯಾರಾದರೂ ಬಣ್ಣದಲ್ಲಿ ಸಣ್ಣ ಸಂಖ್ಯೆ ಬರೆದಿದ್ದರೆ ಅದನ್ನು ಕೊಳೆಯೆಂದು ಉಜ್ಜಬೇಡಿ. ಅದು ಹಿಂದಿನ ಸಂಗ್ರಹದ ದಾಖಲೆ ಸಂಖ್ಯೆ.

6. ಹಾನಿ ಮಾಡುವುದನ್ನು ಬೇರ್ಪಡಿಸಿ

ಸ್ಟೇಪ್ಲರ್ ಪಿನ್ನನ್ನು ಎಳೆಯಬೇಡಿ. ಹಿಂಬದಿಯಲ್ಲಿ ಮಡಿಚಿರುವ ಎರಡು ಕಾಲುಗಳನ್ನು ತೆಳುವಾದ ಅಲಗಿನಿಂದ ನೆಟ್ಟಗೆ ಮಾಡಿ, ನಂತರ ಮುಂಬದಿಯಿಂದ ಮೇಲೆತ್ತಿ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುವುದರಿಂದ ಅದು ಕಾಗದದ ಮೂಲಕವೂ ಬೆಳ್ಳಿಯನ್ನು ಕಪ್ಪಾಗಿಸಬಲ್ಲದು, ಅದನ್ನು ತೆಗೆದುಹಾಕಿ. ಹಳದಿಗಟ್ಟಿದ ಸೆಲ್ಲೋಟೇಪು ತಾನಾಗಿ ಎದ್ದುಬಂದರೆ ಸರಿ, ಇಲ್ಲದಿದ್ದರೆ ಹಾಗೆಯೇ ಬಿಡಿ. ಹರಿದ ಲಕೋಟೆಗೆ ಹೊಸ ಟೇಪು ಹಚ್ಚಲೇಬೇಡಿ. ಲ್ಯಾಮಿನೇಷನ್ ಮಾಡಿಸುವ ಆಸೆಯಂತೂ ಬೇಡವೇ ಬೇಡ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ.

ಮೆತ್ತನೆಯ, ಹೊಸ ರೇನ್‌ಕೋಟಿನಂಥ ವಾಸನೆ ಬರುವ ಪ್ಲಾಸ್ಟಿಕ್ ಚೀಲಗಳು ಪಿವಿಸಿಯವು. ಕಾಲಕ್ರಮದಲ್ಲಿ ಅವುಗಳಿಂದ ಹೊರಬರುವ ಎಣ್ಣೆಯಂಥ ಪದಾರ್ಥ ಮತ್ತು ಆಮ್ಲ ನಾಣ್ಯದ ಮೇಲೆ ಹಸಿರು ಅಂಟಾಗಿ ಕೂರುತ್ತವೆ. ಆ ಅಂಟನ್ನು ಶುದ್ಧ ಅಸಿಟೋನಿನಲ್ಲಿ ನಾಣ್ಯವನ್ನು ಅದ್ದಿ ತೆಗೆಯಬಹುದು. ನೇಲ್ ಪಾಲಿಶ್ ರಿಮೂವರ್ ಅದರ ಬದಲಿಯಲ್ಲ, ಅದರಲ್ಲಿ ಎಣ್ಣೆ, ಸುಗಂಧಗಳು ಬೆರೆತಿರುತ್ತವೆ. ಅಸಿಟೋನ್ ಬೇಗ ಬೆಂಕಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅಡುಗೆಮನೆಯಲ್ಲೋ ದೇವರಮನೆಯ ದೀಪದ ಬಳಿಯೋ ಈ ಕೆಲಸ ಕೂಡದು, ಮತ್ತು ಲಕೋಟೆಯನ್ನು ದೂರವಿಡಬೇಕು, ಏಕೆಂದರೆ ಬಾಲ್‌ಪೆನ್ನಿನ ಶಾಯಿ ಅದರಲ್ಲಿ ಕ್ಷಣದಲ್ಲಿ ಕರಗುತ್ತದೆ. ತಾಮ್ರದ ನಾಣ್ಯದ ಮೇಲಿನ ಗಟ್ಟಿಯಾದ, ನುಣುಪಾದ ಹಸಿರು ಪದರ ಈ ಅಂಟಲ್ಲ. ಅದು ವಯಸ್ಸಿನಿಂದ ಬಂದ ರಕ್ಷಾಪದರ, ಮುಟ್ಟಬಾರದು. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಆ ನಾಣ್ಯವನ್ನು ಉಳಿದವುಗಳಿಂದ ದೂರ, ಒಣಗಿದ ಡಬ್ಬಿಯಲ್ಲಿಟ್ಟು ಬಲ್ಲವರಿಗೆ ತೋರಿಸಿ.

7. ಹೊಸ ವ್ಯವಸ್ಥೆ

ನಾಣ್ಯ ಮತ್ತೆ ಹಳೆಯ ಲಕೋಟೆಯೊಳಗೆ ಹೋಗಬಾರದು. ಅಗ್ಗದ ಕಂದು ಕಾಗದದ ಆಮ್ಲ ಮತ್ತು ಗಂಧಕದ ಅಂಶ ಬೆಳ್ಳಿಗೂ ತಾಮ್ರಕ್ಕೂ ಒಳ್ಳೆಯದಲ್ಲ. ನಾಣ್ಯವನ್ನು ಆಮ್ಲರಹಿತ ಕಾಗದದ ಪೊಟ್ಟಣದಲ್ಲಿ, ಲಕೋಟೆಯನ್ನು ಪಾಲಿಯೆಸ್ಟರ್ ಚೀಲದಲ್ಲಿ ಹಾಕಿ, ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು ಅಕ್ಕಪಕ್ಕದಲ್ಲೇ ಇಡಿ. ಲಕೋಟೆ ದೊಡ್ಡದಾಯಿತೆಂದು ಮಡಿಚಬೇಡಿ, ಚೀಲವನ್ನೇ ದೊಡ್ಡದು ತನ್ನಿ.

ಸೀಸದ ನಾಣ್ಯಗಳಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಶಾತವಾಹನರ ಕಾಲದವುಗಳಂತೆ ನಮ್ಮ ನಾಡಿನ ಪ್ರಾಚೀನ ನಾಣ್ಯಗಳಲ್ಲಿ ಸೀಸದವು ಸಾಕಷ್ಟಿವೆ. ಮರದಿಂದಲೂ ಕಾಗದದಿಂದಲೂ ಹೊರಡುವ ಆಮ್ಲದ ಆವಿಗೆ ಸೀಸ ಬಿಳಿಯ ಪುಡಿಯಾಗಿ ಸವೆಯುತ್ತದೆ. ಆದ್ದರಿಂದ ಗಂಧದ ಪೆಟ್ಟಿಗೆಯ ಗೌರವ ಅದಕ್ಕೆ ಬೇಡ. ಆ ಪುಡಿ ವಿಷ, ಮುಟ್ಟಿದ ಕೈಯನ್ನು ತೊಳೆದುಕೊಳ್ಳಿ.

ಮಳೆಗಾಲದಲ್ಲಿ ಬೆಂಗಳೂರಿನ ಗೋಡೆ ಬೀರುಗಳು ತೇವ ಹೀರುತ್ತವೆ. ಗೋಡೆಗೆ ತಾಗದ ಕಬ್ಬಿಣದ ಬೀರುವಿನಲ್ಲಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟು, ಜೆಲ್ಲಿನ ಬಣ್ಣ ಬದಲಾದಾಗ ಹೊಸದು ಹಾಕಿ. ನುಸಿಗುಳಿಗೆ ಬೇಡ.

8. ನಿಮ್ಮ ಚೀಟಿಯನ್ನು ಸೇರಿಸಿ, ಕಾನೂನನ್ನು ತಿಳಿದಿರಿ

ಹಳೆಯ ಲಕೋಟೆಯ ಜೊತೆ ನಿಮ್ಮದೊಂದು ಹೊಸ ಚೀಟಿ ಇರಲಿ: ಯಾರಿಂದ, ಯಾವ ವರ್ಷ ನಿಮಗೆ ಬಂತು, ತೂಕ ಎಷ್ಟು, ಈ ಕೆಲಸವನ್ನು ಯಾವಾಗ ಮಾಡಿದಿರಿ. ‘ತಾತನಿಂದ’ ಎಂದಷ್ಟೇ ಬರೆದರೆ ಮೊಮ್ಮಕ್ಕಳ ಕಾಲಕ್ಕೆ ಅದು ಯಾವ ತಾತ ಎಂಬ ಹೊಸ ಒಗಟಾಗುತ್ತದೆ; ಪೂರ್ತಿ ಹೆಸರು ಬರೆಯಿರಿ.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ಪುರಾವಸ್ತು. ಅಂಥವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು, ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ನೆಲದಲ್ಲಿ ಈಗ ಹೊಸದಾಗಿ ನಾಣ್ಯದ ಗಂಟು ಸಿಕ್ಕರೆ ಅದು ನಿಧಿಗೆ ಸಂಬಂಧಿಸಿದ 1962ರ ರಾಜ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಹಳೆಯ ಲಕೋಟೆಯಲ್ಲಿ ‘ಇಂಥ ಹೊಲದಲ್ಲಿ ಸಿಕ್ಕಿದ್ದು’ ಎಂದಿರುವುದನ್ನು ಕಂಡು ಹೆದರಿ ಅಳಿಸುವವರಿದ್ದಾರೆ. ಅಳಿಸಿದರೆ ಇರುವ ಒಂದೇ ದಾಖಲೆಯೂ ಹೋಗಿ, ನಾಣ್ಯ ನಿಮ್ಮ ಮನೆಯಲ್ಲಿ ಎಷ್ಟು ಕಾಲದಿಂದ ಇದೆ ಎಂದು ತೋರಿಸಲು ಏನೂ ಉಳಿಯುವುದಿಲ್ಲ. ಸಂಶಯವಿದ್ದರೆ ವಕೀಲರನ್ನೋ ಪುರಾತತ್ತ್ವ ಇಲಾಖೆಯವರನ್ನೋ ಕೇಳಿ, ರಬ್ಬರನ್ನು ಕೈಗೆತ್ತಿಕೊಳ್ಳಬೇಡಿ.

ಅಮೆರಿಕದಲ್ಲಿರುವ ಮಗನಿಗೆ ಎರಡು ವರಹಗಳನ್ನು ಕೊರಿಯರಿನಲ್ಲಿ ಕಳುಹಿಸಬಹುದೇ ಎಂದು ಮೊನ್ನೆಯೂ ಒಬ್ಬರು ಕೇಳಿದರು. ನಾಣ್ಯವನ್ನು ಕಳುಹಿಸುವಂತಿಲ್ಲ. ಎರಡನೆಯ ಹಂತದಲ್ಲಿ ತೆಗೆದ ಚಿತ್ರಗಳನ್ನು, ಮೂರನೆಯ ಹಂತದ ನಕಲಿನ ಜೊತೆ, ಇವತ್ತೇ ಕಳುಹಿಸಬಹುದು.